ಭಯಾನಕಪ್ರಿಯರು: ಒಂದು ವಿಮರ್ಶೆ

ವರ್ಷದ ಗೊತ್ತಾದ ದಿನಗಳಲ್ಲಿ ಸತ್ತವರನ್ನು ನೆನೆಯುವ, ಅಗೋಚರ ಶಕ್ತಿಗಳ ಮಾತನಾಡುವ ಪದ್ಧತಿ ಅನೇಕ ಜನಾಂಗಗಳಲ್ಲಿ ಕಂಡುಬರುತ್ತದೆ. ನಮ್ಮಲ್ಲಿ ಭಾದ್ರಪದದ ಕೃಷ್ಣಪಕ್ಷ ಪಿತೃಗಳಿಗೆ ಮೀಸಲಾದುದು. ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ವಲಸೆ ಹೋದವರು ಅಕ್ಟೋಬರ್ ೩೧ರ ಹ್ಯಾಲೋವೀನ್ ರಾತ್ರಿಯನ್ನು ಅಮೆರಿಕದಲ್ಲಿ ನೆಲೆಗೊಳಿಸಿದರು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಕಾಲವೇ ಪ್ರೇತಕಥೆಯ ಕಾಲವಾಯಿತು. ಡಿಕನ್ಸನು ೧೮೪೩ರಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರಲ್' ಆ ರೂಢಿಯ ಪ್ರಸಿದ್ಧ ಫಲ. ಕೇಂಬ್ರಿಜ್ಜಿನ ವಿದ್ವಾಂಸ ಎಂ. ಆರ್. ಜೇಮ್ಸನು ತಾನು ಬರೆದ ಪ್ರೇತಕಥೆಗಳನ್ನು ಕ್ರಿಸ್‌ಮಸ್ ಸಮಯದಲ್ಲಿ ಗೆಳೆಯರಿಗೆ ಓದಿ ಹೇಳುತ್ತಿದ್ದನು. ಇವೆಲ್ಲವುಗಳಲ್ಲಿಯೂ ಭಯಕ್ಕೆ ಒಂದು ತಿಥಿಯುಂಟು. ತಿಥಿ ಕಳೆದ ಮೇಲೆ ಅದು ತಾನಾಗಿ ಹಿಂದೆ ಸರಿಯುತ್ತದೆ.

ನಾವು ಇಲ್ಲಿ ವಿವೇಚಿಸಲು ಹೊರಟಿರುವುದು ಇಂಥ ತಿಥಿಯ ಕಟ್ಟನ್ನು ಒಪ್ಪದ ಒಂದು ವರ್ಗವನ್ನು. ವರ್ಷದ ಹನ್ನೆರಡು ತಿಂಗಳೂ ಭಯಾನಕ ಕಥೆಗಳನ್ನೇ ಓದುವ, ಭಯಾನಕ ಚಿತ್ರಗಳನ್ನೇ ನೋಡುವ, ಅವುಗಳಿಗೆ ಸಂಬಂಧಿಸಿದ ಚೂರುಪಾರುಗಳನ್ನೂ ಕೂಡಿಡುವ ಜನ ಇಂದು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇವರನ್ನು ಕುರಿತು ವಿದ್ಯಾವಂತರ ಅಭಿಪ್ರಾಯ ಸಾಮಾನ್ಯವಾಗಿ ಎರಡು ಬಗೆ. ಈ ಅಭಿರುಚಿ ಬಾಲಿಶವೆಂದು ಕೆಲವರು, ಅಸ್ವಸ್ಥವೆಂದು ಇನ್ನು ಕೆಲವರು. ಈ ಎರಡು ತೀರ್ಪುಗಳನ್ನೂ ಚರಿತ್ರೆಯ ಬೆಳಕಿನಲ್ಲಿ ಪರೀಕ್ಷಿಸಿ, ಭಯಾನಕಪ್ರಿಯನ ಪ್ರೀತಿಗೆ ನಿಜವಾದ ಫಲವೇನು, ಅದರ ಕೊರತೆಯೇನು ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತು. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳನ್ನು ಹೇಳುವಾಗ ಭಯಾನಕವನ್ನೂ ಶೃಂಗಾರ ವೀರಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ವಿಕಾರವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಗೂಬೆಗಳ ಕೂಗು, ಪಾಳುಬಿದ್ದ ಮನೆ, ಅಡವಿ ಇವು ಅದರ ವಿಭಾವಗಳು. ಈ ಪಟ್ಟಿಯನ್ನು ೧೯೩೦ರ ದಶಕದ ಹಾಲಿವುಡ್ ಕಲಾನಿರ್ದೇಶಕನೊಬ್ಬನ ಕೈಗೆ ಕೊಟ್ಟಿದ್ದರೆ ಅವನು ಇದಕ್ಕೆ ಹೆಚ್ಚಿಗೆ ಸೇರಿಸಬೇಕಾದುದು ಏನೂ ಇರುತ್ತಿರಲಿಲ್ಲ. ಆದರೆ ಭರತನು ಅಲ್ಲಿಯೇ ಮತ್ತೊಂದು ಮಾತನ್ನೂ ಹೇಳಿದ್ದಾನೆ. ಭಯವೆಂಬುದು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಹಜವಾದುದು; ಉತ್ತಮರು ಗುರುವಿನ ಮುಂದೆ, ಅರಸನ ಮುಂದೆ ತೋರಿಸುವ ಭಯ ಕೇವಲ ಕೃತಕವಾದುದು ಎಂದು ಅವನ ಅಭಿಪ್ರಾಯ. ರಸವಾಗಿ ಸಮಾನಸ್ಥಾನ ಪಡೆದ ಭಯಾನಕವು ಅದರ ಆಶ್ರಯದ ದೆಸೆಯಿಂದ ಕೆಳಮಟ್ಟಕ್ಕೆ ಇಳಿದದ್ದು ಹೀಗೆ.

ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಅಭಿನವಗುಪ್ತನು ತೋರಿಸಿದ್ದಾನೆ. ರಸಾನುಭವದ ಸ್ವರೂಪವನ್ನು ವಿವರಿಸಲು ಅವನು ಆಯ್ದುಕೊಂಡ ಉದಾಹರಣೆಯೇ ಭಯದ್ದು: ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ. ಆ ಭಯ ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ. ದೇಶಕಾಲಗಳ ಕಟ್ಟಿಲ್ಲದೆ ಸಾಧಾರಣೀಕೃತವಾದ ಭಯ. ಆದುದರಿಂದಲೇ ಅದು ಆಸ್ವಾದ್ಯವಾಗುತ್ತದೆ. ಈ ಸಿದ್ಧಾಂತವನ್ನು ಒಪ್ಪಿದರೆ, ಭಯಾನಕವನ್ನು ಸವಿಯುವವನು ಹೆದರುಪುಕ್ಕನಾಗಬೇಕಾಗಿಲ್ಲವೆಂಬುದು ಸ್ಪಷ್ಟ. ಒಂದೇ ಚಿತ್ರವನ್ನು ಇಪ್ಪತ್ತನೆಯ ಬಾರಿ ನೋಡುತ್ತಿರುವವನಿಗೆ ಯಾವ ಬಾಗಿಲ ಹಿಂದೆ ಏನಿದೆಯೆಂಬುದು ಚೆನ್ನಾಗಿ ಗೊತ್ತು. ಅವನು ನಡುಗುವುದಿಲ್ಲ. ಬಾಗಿಲು ಹೇಗೆ ತೆರೆಯಿತು, ಬೆಳಕು ಎಲ್ಲಿಂದ ಬಿತ್ತು, ಮೌನ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಗಮನಿಸುತ್ತಾನೆ. ನಿತ್ಯದ ಅಭ್ಯಾಸದಿಂದ ಭಯ ಕ್ಷೀಣಿಸುತ್ತದೆ, ರೂಪದ ಅರಿವು ಬೆಳೆಯುತ್ತದೆ. ವರ್ಷಕ್ಕೊಮ್ಮೆ ಬೆಚ್ಚಿಬೀಳಲು ಬಯಸುವವನಿಗೂ ನಿತ್ಯಪ್ರೇಮಿಗೂ ಇರುವ ಮುಖ್ಯ ಅಂತರ ಇದೇ ಎಂದು ನಮ್ಮ ಅಭಿಪ್ರಾಯ.

ಆದರೂ ಭರತನ ಕಾಲದ ಆ ಹಳೆಯ ತಾತ್ಸಾರ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ಹೊರೇಸ್ ವಾಲ್‌ಪೋಲನು ೧೭೬೪ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಕಾದಂಬರಿಯನ್ನು ಒಂದು ಪ್ರಾಚೀನ ಇಟಾಲಿಯನ್ ಗ್ರಂಥದ ಅನುವಾದವೆಂಬ ಸೋಗಿನಲ್ಲಿ ಹೊರತಂದನು; ಓದುಗರು ಮೆಚ್ಚಿದ ಮೇಲೆಯೇ ಅದು ತನ್ನದೆಂದು ಒಪ್ಪಿಕೊಂಡನು. ಗಾಥಿಕ್ ಕಾದಂಬರಿಯೆಂಬ ಸಾಹಿತ್ಯಪ್ರಕಾರ ಹುಟ್ಟಿದ್ದೇ ಮುಖ ಮುಚ್ಚಿಕೊಂಡು ಎನ್ನಬೇಕು. ಮೂವತ್ತು ವರ್ಷಗಳಲ್ಲಿ ಅದು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯಗಳ ಮೂಲಕ ಅದು ಮನೆಮನೆಗೂ ತಲುಪಿದಾಗ, ಇದನ್ನು ಓದಿ ತರುಣಿಯರ ಬುದ್ಧಿ ಕೆಡುತ್ತದೆ ಎಂಬ ಕೂಗೆದ್ದಿತು. ಅಮೆರಿಕದಲ್ಲಿ ೧೯೫೪ರಲ್ಲಿ ಅದೇ ಕೂಗು ಮಕ್ಕಳ ಹೆಸರಿನಲ್ಲಿ ಎದ್ದಿತು. ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಬರೆದ ಗ್ರಂಥವೂ ಸೆನೆಟ್ಟಿನ ಉಪಸಮಿತಿಯ ವಿಚಾರಣೆಯೂ ಭಯಾನಕ ಚಿತ್ರಕಥೆಯ ಪುಸ್ತಕಗಳನ್ನು ಬಾಲಾಪರಾಧದ ಮೂಲವೆಂದು ಆಪಾದನೆಗೆ ಗುರಿಮಾಡಿದವು. ಪ್ರಕಾಶಕರು ತಾವೇ ಒಂದು ನಿಯಮಾವಳಿಯನ್ನು ರಚಿಸಿಕೊಂಡರು. 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್' ೧೯೫೫ರಲ್ಲಿ ನಿಂತುಹೋಯಿತು. ಒಮ್ಮೆ ಸ್ತ್ರೀಯರು, ಮತ್ತೊಮ್ಮೆ ಮಕ್ಕಳು: ಆಪಾದಿತರು ಬದಲಾದರು, ಆಪಾದನೆ ಬದಲಾಗಲಿಲ್ಲ.

ತಾತ್ಸಾರದ ಪರಿಣಾಮ ಕೇವಲ ಮಾತಿನಲ್ಲಿ ಮುಗಿಯುವುದಿಲ್ಲ. ಅದು ಗ್ರಂಥಗಳ ಅಳಿವು ಉಳಿವನ್ನೂ ನಿರ್ಧರಿಸುತ್ತದೆ. ಜೇನ್ ಆಸ್ಟೆನ್ ಬರೆದ 'ನಾರ್ದ್ಯಾಂಗರ್ ಅಬಿ' ೧೮೧೭ರ ಕೊನೆಯಲ್ಲಿ, ಆಕೆಯ ಮರಣಾನಂತರ ಪ್ರಕಟವಾಯಿತು. ಅದರಲ್ಲಿ ಇಸಬೆಲ್ಲಳು ಕ್ಯಾಥರೀನಳಿಗೆ ಏಳು ಭಯಂಕರ ಕಾದಂಬರಿಗಳ ಹೆಸರನ್ನು ಹೇಳುತ್ತಾಳೆ. ನೂರು ವರ್ಷಗಳಲ್ಲಿ ಈ ಪುಸ್ತಕಗಳು ಎಷ್ಟರಮಟ್ಟಿಗೆ ಮರೆಯಾದುವೆಂದರೆ, ಆ ಹೆಸರುಗಳೇ ಆಸ್ಟೆನ್‌ಳ ಹಾಸ್ಯಕಲ್ಪನೆಯೆಂದು ಓದುಗರು ನಂಬುವಂತಾಯಿತು. ಅವು ೧೭೯೩ರಿಂದ ೧೭೯೮ರ ಒಳಗೆ ನಿಜವಾಗಿ ಅಚ್ಚಾದ ಕಾದಂಬರಿಗಳೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಸ್ಥಾಪಿಸಿದವರು ಇಬ್ಬರು ಗಾಥಿಕ್‌ಪ್ರಿಯರು, ಮಾಂಟೆಗ್ಯು ಸಮರ್ಸ್ ಮತ್ತು ಮೈಕೇಲ್ ಸ್ಯಾಡ್ಲರ್. ಸ್ಯಾಡ್ಲರನು ವೃತ್ತಿಯಿಂದ ಪ್ರಕಾಶಕ. ಯಾರಿಗೂ ಬೇಡವಾಗಿದ್ದ ಗಾಥಿಕ್ ಪುಸ್ತಕಗಳನ್ನು ಅವನು ಹುಡುಕಿ ಕೂಡಿಸಿದನು. ೧೯೨೭ರಲ್ಲಿ ಈ ಏಳು ಕಾದಂಬರಿಗಳನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅವನ ಸಂಗ್ರಹ ರಾಬರ್ಟ್ ಬ್ಲ್ಯಾಕ್ ಎಂಬಾತನ ಕೈಸೇರಿ, ೧೯೪೨ರಲ್ಲಿ ಆತನ ಕೊಡುಗೆಯಾಗಿ ವರ್ಜೀನಿಯ ವಿಶ್ವವಿದ್ಯಾನಿಲಯಕ್ಕೆ ಸಂದಿತು. ಇಂದು ಆ ಕಾಲದ ಇಂಗ್ಲಿಷ್ ಕಾದಂಬರಿಯನ್ನು ಅಭ್ಯಾಸಮಾಡುವವರಿಗೆ ಅದೊಂದು ಅನಿವಾರ್ಯ ಆಕರ.

ಇದರ ಪಕ್ಕದಲ್ಲಿ ಮತ್ತೊಂದು ನಿದರ್ಶನವನ್ನು ಇಡಬೇಕು. ಅಮೆರಿಕದಲ್ಲಿ ವರ್ಷವಿಡೀ ನಡೆಯುವ ಭಯಾನಕಪ್ರೀತಿಗೆ ನೆಲೆ ಒದಗಿಸಿದ್ದು ದೂರದರ್ಶನ. ಯೂನಿವರ್ಸಲ್ ಸಂಸ್ಥೆ ೧೯೩೧ರಲ್ಲಿ ತೆಗೆದ 'ಡ್ರಾಕ್ಯುಲ', 'ಫ್ರಾಂಕೆನ್‌ಸ್ಟೈನ್' ಮೊದಲಾದ ೫೨ ಹಳೆಯ ಚಿತ್ರಗಳ ಕಟ್ಟೊಂದು ೧೯೫೭ರಲ್ಲಿ 'ಶಾಕ್' ಎಂಬ ಹೆಸರಿನಿಂದ ದೂರದರ್ಶನ ಕೇಂದ್ರಗಳಿಗೆ ದೊರೆಯಿತು. ಐವತ್ತೆರಡು ಚಿತ್ರಗಳೆಂದರೆ ವಾರಕ್ಕೊಂದರಂತೆ ಒಂದು ಪೂರ್ಣ ವರ್ಷ. ಹಬ್ಬದ ತಿಥಿಗೆ ಅಂಟಿಕೊಂಡಿದ್ದ ಭಯವು ವಾರದ ಕಾರ್ಯಕ್ರಮವಾದುದು ಆಗ. ಮೂರು ವರ್ಷಗಳ ಹಿಂದೆ ಯಾವ ಮಕ್ಕಳ ಕೈಯಿಂದ ಚಿತ್ರಕಥೆಯ ಪುಸ್ತಕಗಳನ್ನು ಕಸಿದುಕೊಳ್ಳಲಾಯಿತೋ ಆ ತಲೆಮಾರಿನವರೇ ಈಗ ಪೆಟ್ಟಿಗೆಯ ಮುಂದೆ ಕುಳಿತರು.

ಈ ಮಕ್ಕಳಿಗಾಗಿ ಹುಟ್ಟಿದ ಪತ್ರಿಕೆ 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್'. ಜೇಮ್ಸ್ ವಾರೆನ್ ಅದರ ಪ್ರಕಾಶಕ, ಫಾರೆಸ್ಟ್ ಜೆ. ಅಕರ್‌ಮನ್ ಸಂಪಾದಕ. ೧೯೫೮ರಲ್ಲಿ ಒಂದೇ ಸಂಚಿಕೆಗೆಂದು ಹೊರಟ ಅದು ೧೯೮೩ರವರೆಗೆ ನಡೆದು ೧೯೧ನೆಯ ಸಂಖ್ಯೆಯ ಸಂಚಿಕೆಯವರೆಗೆ ಬಂದಿತು. ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಈ ಪತ್ರಿಕೆಯ ದೋಷಗಳು ಎದ್ದುಕಾಣುತ್ತವೆ. ಪುಟಪುಟಕ್ಕೂ ಶ್ಲೇಷೆಯ ಚೇಷ್ಟೆ. ಬರವಣಿಗೆಗಿಂತ ಚಿತ್ರಪಟಗಳೇ ಹೆಚ್ಚು. ಉತ್ತಮ ಕೃತಿಗೂ ಕಳಪೆ ಕೃತಿಗೂ ಒಂದೇ ಬಗೆಯ ಹೊಗಳಿಕೆ. ಹಿಂಬದಿಯಲ್ಲಿ ಮುಖವಾಡಗಳ ಮಾರಾಟ. ತಾರತಮ್ಯವಿಲ್ಲದ ಕಡೆ ವಿಮರ್ಶೆಯಿಲ್ಲ. ಆದರೆ ಅದೇ ಪತ್ರಿಕೆ ಮತ್ತೊಂದು ಕೆಲಸವನ್ನು ಸದ್ದಿಲ್ಲದೆ ಮಾಡಿತು. ನಟರ ಹೆಸರುಗಳಷ್ಟೇ ಪ್ರಚಾರದಲ್ಲಿದ್ದ ಕಾಲದಲ್ಲಿ, ಫ್ರಾಂಕೆನ್‌ಸ್ಟೈನನ ವಿಕಾರರೂಪಕ್ಕೆ ಪ್ರಸಾಧನ ಮಾಡಿದ ಜ್ಯಾಕ್ ಪಿಯರ್ಸನನ್ನೂ, ಗೊಂಬೆಗಳನ್ನು ಚೂರುಚೂರಾಗಿ ಕದಲಿಸಿ ಪರದೆಯ ಮೇಲೆ ಜೀವ ಬರಿಸಿದ ವಿಲಿಸ್ ಓಬ್ರಿಯನ್, ರೇ ಹ್ಯಾರಿಹೌಸೆನರನ್ನೂ ಅದು ಬಾಲಕರಿಗೆ ಪರಿಚಯಮಾಡಿಕೊಟ್ಟಿತು. ಪರದೆಯ ಮೇಲಿನ ಪಿಶಾಚಿಯ ಹಿಂದೆ ದುಡಿಯುವ ಕೈಗಳಿವೆ ಎಂದು ತಿಳಿದ ಬಾಲಕನಿಗೆ ಪಿಶಾಚಿಯ ಭಯ ಉಳಿಯದು. ಕಸುಬಿನ ಮೇಲಣ ಗೌರವ ಉಳಿಯುತ್ತದೆ.

ಅಕರ್‌ಮನ್‌ನದು ಸಂಪಾದಕನ ಕೀರ್ತಿಗಿಂತ ಸಂಗ್ರಾಹಕನ ಕೀರ್ತಿ ದೊಡ್ಡದು. ಲಾಸ್ ಏಂಜಲಿಸ್‌ನ ತನ್ನ ಮನೆಯನ್ನು ಪುಸ್ತಕ, ಚಿತ್ರಪಟ, ವೇಷ, ಗೊಂಬೆಗಳಿಂದ ತುಂಬಿ, ಶನಿವಾರಗಳಲ್ಲಿ ಯಾರು ಬಂದರೂ ಉಚಿತವಾಗಿ ತೋರಿಸುತ್ತಿದ್ದನು. ಅವನ ಶ್ರದ್ಧೆಗೆ ಎರಡು ನಿದರ್ಶನಗಳು ಸಾಕು. ಕಾದಂಬರಿಕಾರ ಸ್ಟೀಫನ್ ಕಿಂಗ್ ಬಾಲಕನಾಗಿದ್ದಾಗ ಅಕರ್‌ಮನ್‌ನ ಇನ್ನೊಂದು ಪತ್ರಿಕೆಗೆ ಒಂದು ಕಥೆಯನ್ನು ಕಳುಹಿಸಿದ್ದನು, ಅದು ಪ್ರಕಟವಾಗಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಕಿಂಗ್ ಪುಸ್ತಕದಂಗಡಿಯೊಂದರಲ್ಲಿ ಹಸ್ತಾಕ್ಷರ ನೀಡುತ್ತಿದ್ದಾಗ ಅಕರ್‌ಮನ್ ಅದೇ ಹಸ್ತಪ್ರತಿಯನ್ನು ತಂದು ಅದರ ಮೇಲೆ ಸಹಿ ಕೇಳಿದನೆಂದು ಕಿಂಗ್ ತಾನೇ ಬರೆದಿದ್ದಾನೆ. ಎರಡನೆಯದು 'ಲಂಡನ್ ಆಫ್ಟರ್ ಮಿಡ್‌ನೈಟ್' ಎಂಬ ೧೯೨೭ರ ಮೂಕಚಿತ್ರಕ್ಕೆ ಸಂಬಂಧಿಸಿದುದು. ಅದರ ಕೊನೆಯ ಪ್ರತಿ ೧೯೬೫ರಲ್ಲಿ ಎಂ.ಜಿ.ಎಂ. ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ನಾಶವಾಯಿತೆಂದು ತಿಳಿಯಲಾಗಿದೆ. ಆದರೆ ಆ ಚಿತ್ರದಲ್ಲಿ ಲಾನ್ ಚೇನಿ ಧರಿಸಿದ್ದ ಎತ್ತರದ ಟೋಪಿಯನ್ನೂ ಕೃತಕ ಹಲ್ಲುಗಳನ್ನೂ ಅಕರ್‌ಮನ್ ಜೋಪಾನವಾಗಿ ಇರಿಸಿಕೊಂಡಿದ್ದನು. ಚಿತ್ರವನ್ನು ತಯಾರಿಸಿದ ಶ್ರೀಮಂತ ಸಂಸ್ಥೆಯ ಬಳಿ ಚಿತ್ರ ಉಳಿಯಲಿಲ್ಲ. ಅದನ್ನು ಪ್ರೀತಿಸಿದವನ ಬಳಿ ಟೋಪಿ ಉಳಿಯಿತು.

ಇಂಥ ಪ್ರೀತಿಯಿಂದ ಇಡೀ ಚಿತ್ರವೇ ಉಳಿದುಬಂದ ಪ್ರಸಂಗವೂ ಇದೆ. ಜೇಮ್ಸ್ ವೇಲ್ ನಿರ್ದೇಶಿಸಿದ 'ದಿ ಓಲ್ಡ್ ಡಾರ್ಕ್ ಹೌಸ್' ೧೯೩೨ರಲ್ಲಿ ತೆರೆಕಂಡು, ಮುಂದೆ ಕಳೆದುಹೋಯಿತೆಂದೇ ಎಲ್ಲರೂ ಬಗೆದಿದ್ದರು. ವೇಲ್‌ನ ಮಿತ್ರನೂ ಸ್ವತಃ ಭಯಾನಕ ಚಿತ್ರಗಳ ನಿರ್ದೇಶಕನೂ ಆಗಿದ್ದ ಕರ್ಟಿಸ್ ಹ್ಯಾರಿಂಗ್ಟನ್ ಪಟ್ಟುಹಿಡಿದು ಹುಡುಕಿಸಿದುದರಿಂದ ೧೯೬೮ರಲ್ಲಿ ಅದು ಉಗ್ರಾಣದಲ್ಲಿ ಸಿಕ್ಕಿತು. ಇಂದು ಚಲನಚಿತ್ರದ ಚರಿತ್ರೆಯಲ್ಲಿ ಅದಕ್ಕೆ ಗಣ್ಯವಾದ ಸ್ಥಾನವಿದೆ.

ಇಷ್ಟರಿಂದ ಭಯಾನಕಪ್ರಿಯನು ನಿರ್ದೋಷಿಯೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳಲಾಗದು. ಸ್ಯಾಡ್ಲರನ ಸಂಗ್ರಹಕ್ಕೂ ಅಕರ್‌ಮನ್‌ನ ಸಂಗ್ರಹಕ್ಕೂ ಒದಗಿದ ಗತಿಯನ್ನು ಹೋಲಿಸಿದರೆ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ. ತನ್ನ ಸಂಗ್ರಹ ಒಂದು ವಸ್ತುಸಂಗ್ರಹಾಲಯವಾಗಬೇಕೆಂಬ ಅಕರ್‌ಮನ್‌ನ ಆಸೆ ಕೈಗೂಡಲಿಲ್ಲ. ವೃದ್ಧಾಪ್ಯದಲ್ಲಿ ಅವನು ಅದರ ಬಹುಭಾಗವನ್ನು ಮಾರಿ ಚಿಕ್ಕ ಮನೆಗೆ ಹೋದನು. ೨೦೦೮ರಲ್ಲಿ ತೀರಿಕೊಂಡ ಮೇಲೆ ಉಳಿದುದು ೨೦೦೯ರಲ್ಲಿ ಹರಾಜಾಗಿ ಚದರಿಹೋಯಿತು. ವಸ್ತುಗಳು ಎಲ್ಲಿಯೋ ಇದ್ದಾವು. ಆದರೆ ಒಂದು ವಸ್ತು ಇನ್ನೊಂದರ ಪಕ್ಕದಲ್ಲಿದ್ದುದರಿಂದ ಹೊರಡುತ್ತಿದ್ದ ಅರ್ಥ ಅಳಿಯಿತು. ಪ್ರೀತಿ ಕೂಡಿಸಬಲ್ಲದು, ಕೂಡಿಸಿದುದನ್ನು ಪ್ರೇಮಿಯ ಆಯುಷ್ಯದ ಆಚೆಗೆ ದಾಟಿಸಲು ಸಂಸ್ಥೆ ಬೇಕು.

ಎರಡನೆಯ ಕೊರತೆ ಇದಕ್ಕಿಂತ ಸೂಕ್ಷ್ಮವಾದುದು. ಭಯಾನಕಪ್ರಿಯನ ಕಣ್ಣು ಪಿಶಾಚಿಯ ಮೇಲೆ ನಿಲ್ಲುತ್ತದೆ. ಆ ಪಿಶಾಚಿಯನ್ನು ಕಲ್ಪಿಸಿದವರು ನಿಜವಾಗಿ ಯಾವುದಕ್ಕೆ ಹೆದರಿದ್ದರೆಂದು ಅವನು ಕೇಳುವುದು ಅಪರೂಪ. ಆನ್ ರ‍್ಯಾಡ್‌ಕ್ಲಿಫ್ ೧೭೯೪ರಲ್ಲಿ ಪ್ರಕಟಿಸಿದ 'ದಿ ಮಿಸ್ಟರೀಸ್ ಆಫ್ ಯುಡಾಲ್ಫೊ' ಕಾದಂಬರಿಯಲ್ಲಿ ಎಲ್ಲರ ನೆನಪಿನಲ್ಲಿ ಉಳಿಯುವುದು ಕರಿಯ ಮುಸುಕಿನ ಪ್ರಸಂಗ. ಕೊನೆಗೆ ಆ ಮುಸುಕಿನ ಹಿಂದೆ ಇದ್ದುದು ಮೇಣದ ಪ್ರತಿಮೆಯೆಂದು ತಿಳಿಯುತ್ತದೆ. ಎಮಿಲಿಗೆ ನಿಜವಾದ ಅಪಾಯ ಮುಸುಕಿನಿಂದ ಬಂದುದಲ್ಲ. ಆಸ್ತಿಯನ್ನು ತನಗೆ ಬರೆದುಕೊಡೆಂದು ಮೊದಲು ಅವಳ ಅತ್ತೆಯನ್ನೂ ಅನಂತರ ಅವಳನ್ನೂ ಪೀಡಿಸುವ ಮಾಂಟೋನಿಯ ಕಾಗದಪತ್ರಗಳಿಂದ ಬಂದುದು. ಆಸ್ಟೆನ್‌ಳ ಕ್ಯಾಥರೀನಳು ಇಂಥ ಪುಸ್ತಕಗಳನ್ನು ಓದಿ, ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸಿ ನಗೆಗೀಡಾಗುತ್ತಾಳೆ. ಆದರೆ ಅವಳು ಸಿರಿವಂತಳಲ್ಲವೆಂದು ತಿಳಿದ ಕೂಡಲೇ ಅದೇ ಜನರಲ್ ಅವಳನ್ನು ಹೊತ್ತುಗೊತ್ತಿಲ್ಲದೆ ಮನೆಯಿಂದ ಹೊರಡಿಸುತ್ತಾನೆ. ಕೊಲೆ ಸುಳ್ಳಾಯಿತು, ಕ್ರೌರ್ಯ ಸುಳ್ಳಾಗಲಿಲ್ಲ. ಭಯಾನಕ ಸಾಹಿತ್ಯ ಆ ಹುಡುಗಿಗೆ ತಪ್ಪು ಹೆಸರನ್ನು ಕಲಿಸಿತ್ತೇ ಹೊರತು ತಪ್ಪು ದಿಕ್ಕನ್ನು ತೋರಿಸಿರಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಈ ಪ್ರಕಾರದಿಂದ ದೊರೆಯುವ ಸಾಕ್ಷ್ಯ ಇಂಥದು: ಒಂದು ಕಾಲದ ಜನ ನೇರವಾಗಿ ಆಡಲಾರದೆ ಭೂತದ ಬಾಯಿಂದ ಆಡಿಸಿದ ಮಾತು.

ಈ ವಿಚಾರ ನಮಗೆ ದೂರದ್ದಲ್ಲ. ಕನ್ನಡ ಪ್ರೇಕ್ಷಕರು ೧೯೭೯ರ 'ನಾ ನಿನ್ನ ಬಿಡಲಾರೆ', ೧೯೯೩ರ 'ಶ್!', ೨೦೦೪ರ 'ಆಪ್ತಮಿತ್ರ' ಚಿತ್ರಗಳನ್ನು ಇಂದಿಗೂ ಮರೆತಿಲ್ಲ. ಮಲಯಾಳದ 'ಮಣಿಚಿತ್ರತ್ತಾಳ್' ಚಿತ್ರದಿಂದ ಬಂದ 'ಆಪ್ತಮಿತ್ರ'ದಲ್ಲಿ, ಅರಸನ ಕೈಗೆ ಸಿಕ್ಕಿ ಕೊಲೆಗೀಡಾದ ನರ್ತಕಿಯ ಕಥೆ ಮನೆಯ ಸೊಸೆಯೊಬ್ಬಳ ಮನಸ್ಸನ್ನು ಆವರಿಸುತ್ತದೆ. ಮನೋವೈದ್ಯನು ಬಂದು ಅದಕ್ಕೆ ಲೌಕಿಕ ಕಾರಣವನ್ನು ಹೇಳುತ್ತಾನೆ. ಅತಿಮಾನುಷವನ್ನು ಕೊನೆಯಲ್ಲಿ ಸಹಜಕಾರಣದಿಂದ ವಿವರಿಸುವ ಈ ವಿಧಾನ ರ‍್ಯಾಡ್‌ಕ್ಲಿಫ್‌ಳದೇ. ಭಯದ ಅಡಿಯಲ್ಲಿರುವುದು ಹೆಣ್ಣಿಗಾದ ಅನ್ಯಾಯವೆಂಬುದೂ ಅಲ್ಲಿಯಂತೆಯೇ. ಈ ಸಾಮ್ಯ ನೇರ ಪ್ರಭಾವದಿಂದ ಬಂದುದೆಂದು ನಾವು ಹೇಳುತ್ತಿಲ್ಲ; ಎರಡು ಸಮಾಜಗಳು ಒಂದೇ ಬಗೆಯ ಅನ್ಯಾಯವನ್ನು ಒಂದೇ ಬಗೆಯಲ್ಲಿ ಮುಚ್ಚಿಟ್ಟು ಹೇಳಿರುವುದು ಅಭ್ಯಾಸಕ್ಕೆ ಯೋಗ್ಯವೆಂದಷ್ಟೇ ನಮ್ಮ ಮಾತು.

ಆದರೆ ಅಭ್ಯಾಸಮಾಡಲು ಆಕರ ಉಳಿದಿರಬೇಕು. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿಯೇ ಇಂದು ದೊರೆಯುವುದಿಲ್ಲ. ಪೌರಾಣಿಕ ಗೌರವವಿದ್ದ ಚಿತ್ರದ ಗತಿಯೇ ಹೀಗಾದ ಮೇಲೆ, ಯಾರೂ ಗೌರವಿಸದ ಮಾಂತ್ರಿಕ ಕಾದಂಬರಿಗಳ, ಭೂತದ ಕಥೆಗಳ ಅಗ್ಗದ ಮುದ್ರಣಗಳ, ಭಯಾನಕ ಚಿತ್ರಗಳ ಹಾಡಿನ ಪುಸ್ತಕ, ಭಿತ್ತಿಪತ್ರಗಳ ಗತಿಯನ್ನು ಊಹಿಸಬಹುದು. ಅವು ಎಲ್ಲಿಯಾದರೂ ಉಳಿದಿದ್ದರೆ, ಮನೆಯವರ ಬೈಗುಳ ಕೇಳಿಕೊಂಡೂ ಅಟ್ಟದ ಮೇಲೆ ಕೂಡಿಟ್ಟ ಯಾವನೋ ನಿತ್ಯಪ್ರೇಮಿಯ ಬಳಿಯಲ್ಲಿಯೇ ಉಳಿದಿರಬೇಕು.

ಆದುದರಿಂದ ನಮ್ಮ ನಿರ್ಣಯವಿಷ್ಟು. ವರ್ಷವಿಡೀ ಭಯಾನಕವನ್ನು ಪ್ರೀತಿಸುವವನ ಅಭಿರುಚಿಯನ್ನು ಬಾಲಿಶವೆಂದಾಗಲಿ ಅಸ್ವಸ್ಥವೆಂದಾಗಲಿ ತಳ್ಳಿಹಾಕಲು ಚರಿತ್ರೆಯಲ್ಲಿ ಆಧಾರವಿಲ್ಲ. ಅವನ ಪ್ರೀತಿ ರೂಪದ ಅರಿವನ್ನು ಬೆಳೆಸುತ್ತದೆ, ಅಳಿಯುವುದನ್ನು ಉಳಿಸುತ್ತದೆ. ಅದರಲ್ಲಿ ಇಲ್ಲದಿರುವುದು ತಾರತಮ್ಯ ಮತ್ತು ಪ್ರಶ್ನೆ. ಇವೆರಡನ್ನೂ ಒದಗಿಸುವುದು ವಿದ್ವಾಂಸರ ಹೊಣೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಇಂಥ ಅಭಿರುಚಿಯುಳ್ಳವರು ಖಂಡಿತವಾಗಿಯೂ ಇದ್ದಾರೆ. ಅವರನ್ನು ನಾಚಿಸುವುದರ ಬದಲು, ತಾವು ಕೂಡಿಟ್ಟಿರುವ ಪುಸ್ತಕ ಪತ್ರಗಳಿಗೆ ಮುದ್ರಣದ ವರ್ಷ, ಊರು, ಕೈಗೆ ಬಂದ ಬಗೆ ಇವುಗಳನ್ನು ಬರೆದಿಡುವಂತೆ ಅವರಿಗೆ ಕಲಿಸಬೇಕು. ಅವರು ಕೊಡಲು ಮುಂದೆ ಬಂದಾಗ ಗ್ರಂಥಾಲಯದಲ್ಲಿ ಒಂದು ಬೀರುವನ್ನಾದರೂ ತೆರವು ಮಾಡಿಕೊಡಬೇಕು. ವರ್ಜೀನಿಯದಲ್ಲಿ ೧೯೪೨ರಲ್ಲಿ ನಡೆದ ಕೆಲಸದ ಸಾರವೂ ಇಷ್ಟೇ. ಅದು ನಮ್ಮ ಶಕ್ತಿಗೆ ಮೀರಿದುದೇನಲ್ಲ.